ಭಂಗಿ ಮತ್ತು ರೋಗಿಯ ಹಸಿವು: ಪುಣೆಯ ದಂಡಿನ ಸುತ್ತಲಿನ ಒಂದು ವೈದ್ಯಚರಿತ್ರೆ

೧

ದೀರ್ಘವ್ಯಾಧಿಯಿಂದ ನರಳುವವರ ಮನೆಗಳಲ್ಲಿ "ಅನ್ನ ಸೇರುತ್ತಿಲ್ಲ", "ಬಾಯಿಗೆ ರುಚಿ ಹತ್ತುತ್ತಿಲ್ಲ" ಎಂಬ ಮಾತುಗಳು ದಿನವೂ ಕೇಳಿಬರುತ್ತವೆ. ಕ್ಷಯ, ಅರ್ಬುದ, ಮೂತ್ರಪಿಂಡದ ವಿಕಾರ, ಏಡ್ಸ್ ಮೊದಲಾದ ವ್ಯಾಧಿಗಳಲ್ಲಿ ರೋಗಿಯು ಕಾಯಿಲೆಯಿಂದ ಸೊರಗುವಂತೆಯೇ ಆಹಾರವಿಲ್ಲದೆಯೂ ಸೊರಗುತ್ತಾನೆ. ಬಡಿಸಿದ ತಟ್ಟೆ ಹಾಗೆಯೇ ಒಳಕ್ಕೆ ಹಿಂತಿರುಗಿದಾಗ ಮನೆಯವರಿಗೆ ಆಗುವ ಸಂಕಟವು ವೈದ್ಯರ ಚೀಟಿಯಲ್ಲಿ ಎಲ್ಲಿಯೂ ನಮೂದಾಗುವುದಿಲ್ಲ. ಇಂಥ ಸ್ಥಿತಿಯಲ್ಲಿ ಹಸಿವನ್ನು ಹುಟ್ಟಿಸಬಲ್ಲ ವಸ್ತುವೊಂದು ಇದೆಯೆಂದು ಯಾರಾದರೂ ಹೇಳಿದರೆ ಮನಸ್ಸು ಅದರ ಕಡೆಗೆ ಹರಿಯುವುದು ಸಹಜವೇ ಸರಿ.

ಭಂಗಿಯ ಗಿಡಕ್ಕೆ ಅಂಥ ಶಕ್ತಿಯುಂಟೆಂಬ ಹೇಳಿಕೆಯು ಇಂದು ಪಾಶ್ಚಾತ್ಯ ದೇಶಗಳಿಂದ ಹೊಸ ಸುದ್ದಿಯಂತೆ ಬರುತ್ತಿದೆ. ವಾಸ್ತವವಾಗಿ ಆ ಹೇಳಿಕೆ ಬಹಳ ಹಳೆಯದು. ಅದರ ಚರಿತ್ರೆಯ ಕೆಲವು ಮುಖ್ಯ ಘಟ್ಟಗಳು ಗೋವೆ, ಅಹಮದನಗರ, ಪುಣೆ, ಮುಂಬಯಿಗಳನ್ನೊಳಗೊಂಡ ಪಶ್ಚಿಮ ಭಾರತಕ್ಕೆ ಸಂಬಂಧಿಸಿದವು. ಆ ಘಟ್ಟಗಳನ್ನು ಅನುಕ್ರಮವಾಗಿ ಪರಿಶೀಲಿಸಿದಾಗ ಒಂದು ಅಂಶವು ಸ್ಪಷ್ಟಪಡುತ್ತದೆ. ಭಂಗಿಯು ಹಸಿವನ್ನು ಕೆರಳಿಸುತ್ತದೆ ಎಂಬುದಕ್ಕೆ ನಾಲ್ಕು ಶತಮಾನಗಳಿಗೂ ಮಿಕ್ಕ ಸಾಕ್ಷ್ಯವಿದೆ. ಅದು ಕೃಶವಾದ ದೇಹಕ್ಕೆ ಮಾಂಸವನ್ನೂ ಬಲವನ್ನೂ ತರುತ್ತದೆ ಎಂಬುದಕ್ಕೆ ಅಂಥ ಸಾಕ್ಷ್ಯವಿಲ್ಲ. ಈ ಎರಡರ ನಡುವಣ ಅಂತರವನ್ನು ಮರೆತಲ್ಲಿ ರೋಗಿಗೆ ಮೋಸವಾಗುತ್ತದೆ. ಅದನ್ನು ಅರಿತಲ್ಲಿ ಮಾತ್ರ ಹಳೆಯ ಅನುಭವವು ಉಪಯೋಗಕ್ಕೆ ಬಂದೀತು.

ಮುಂದಿನ ವಿವೇಚನೆಗಾಗಿ ಹೆಸರುಗಳ ವಿಷಯವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ಗಿಡವು ಒಂದೇ. ಅದರ ಎಲೆಯು ಭಂಗಿ. ಹೆಣ್ಣು ಗಿಡದ ಅಂಟುಳ್ಳ ಹೂಗೊನೆಯು ಗಾಂಜಾ. ಬೇರ್ಪಡಿಸಿ ಕೂಡಿಟ್ಟ ಅಂಟು ಚರಸು. ಅಮಲಿನ ಅಂಶವು ಎಲೆಯಲ್ಲಿ ಕಡಮೆ, ಹೂಗೊನೆಯಲ್ಲಿ ಹೆಚ್ಚು, ಅಂಟಿನಲ್ಲಿ ಇನ್ನೂ ಹೆಚ್ಚು. ಸಂಸ್ಕೃತ ನಿಘಂಟುಗಳು ಇದನ್ನು ಭಂಗಾ, ವಿಜಯಾ ಎಂಬ ಹೆಸರುಗಳಿಂದ ಕರೆದಿವೆ. ಪೇಟೆಯವರು ಮಾಡಿಕೊಂಡ ಈ ಮೂರು ಬಗೆಯ ವಿಂಗಡಣೆಯೇ ಮುಂದೆ ಸರ್ಕಾರದ ಕಾಯಿದೆಗಳಿಗೂ ತಳಹದಿಯಾಯಿತು ಎಂಬುದನ್ನು ನೆನಪಿನಲ್ಲಿಡಬೇಕು.

೨

ಆಯುರ್ವೇದದ ಪ್ರಾಚೀನ ಸಂಹಿತೆಗಳಲ್ಲಿ ಭಂಗಿಗೆ ಸ್ಪಷ್ಟವಾದ ಸ್ಥಾನ ದೊರೆತಂತೆ ಕಾಣುವುದಿಲ್ಲ. ಮಧ್ಯಯುಗದ ಗ್ರಂಥಗಳಿಗೆ ಬಂದಾಗ ಚಿತ್ರವು ಬದಲಾಗುತ್ತದೆ. ಶಾರ್ಙ್ಗಧರ ಸಂಹಿತೆಯು 'ವ್ಯವಾಯಿ' ಎಂಬ ಗುಣವನ್ನು ವಿವರಿಸುವಾಗ ಭಂಗಿಯನ್ನೂ ಅಫೀಮನ್ನೂ ಉದಾಹರಣೆಯಾಗಿ ಕೊಡುತ್ತದೆ. ಮೊದಲು ದೇಹವನ್ನೆಲ್ಲ ವ್ಯಾಪಿಸಿ ಆಮೇಲೆ ಪಾಕಗೊಳ್ಳುವ ದ್ರವ್ಯವೇ ವ್ಯವಾಯಿ. ಅನ್ನವು ಜೀರ್ಣವಾದ ಬಳಿಕ ದೇಹಕ್ಕೆ ಸೇರುತ್ತದೆ. ಭಂಗಿಯು ಜೀರ್ಣವಾಗುವ ಮೊದಲೇ ದೇಹವನ್ನು ಹಿಡಿಯುತ್ತದೆ. ಈ ಭೇದವನ್ನು ಗುರುತಿಸಿದ ವೈದ್ಯರು ಅದನ್ನು ಆಹಾರದ ಸಾಲಿಗೆ ಸೇರಿಸದೆ ಎಚ್ಚರಿಕೆಯಿಂದ ಬಳಸಬೇಕಾದ ದ್ರವ್ಯಗಳ ಸಾಲಿನಲ್ಲಿಯೇ ಇರಿಸಿದರು.

ಅದೇ ಸಂಹಿತೆಯಲ್ಲಿ ಬರುವ ಜಾತೀಫಲಾದಿ ಚೂರ್ಣವು ಪ್ರಸ್ತುತ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಜಾಯಿಕಾಯಿ, ಲವಂಗ, ಏಲಕ್ಕಿ, ದಾಲ್ಚಿನ್ನಿ, ನಾಗಕೇಸರ, ಕರ್ಪೂರ, ಚಂದನ, ಹಿಪ್ಪಲಿ, ಶುಂಠಿ, ಮೆಣಸು, ಚಿತ್ರಮೂಲ ಮೊದಲಾದವುಗಳನ್ನು ಸಮಭಾಗವಾಗಿ ತೆಗೆದುಕೊಂಡು, ಅವೆಲ್ಲವೂ ಕೂಡಿ ಎಷ್ಟಾಗುವುದೋ ಅಷ್ಟೇ ತೂಕದ ಭಂಗಿಯನ್ನು ಬೆರೆಸಿ, ಮೇಲೆ ಸಕ್ಕರೆ ಸೇರಿಸಿ ಈ ಚೂರ್ಣವನ್ನು ಸಿದ್ಧಪಡಿಸುತ್ತಾರೆ. ಗ್ರಹಣಿ, ಕಾಸ, ಶ್ವಾಸ, ಅರುಚಿ, ಕ್ಷಯ ಇವು ಅದರ ಪ್ರಯೋಜನಗಳಲ್ಲಿ ಎಣಿಸಲ್ಪಟ್ಟಿವೆ. ಗ್ರಹಣಿಯೆಂದರೆ ಉಂಡದ್ದು ನಿಲ್ಲದೆ ಹೋಗುವ ದೀರ್ಘಕಾಲದ ಹೊಟ್ಟೆಯ ವಿಕಾರ. ಅರುಚಿಯೆಂದರೆ ಅನ್ನದಲ್ಲಿ ಇಚ್ಛೆಯಿಲ್ಲದಿರುವಿಕೆ. ಕ್ಷಯವೆಂದರೆ ಧಾತುಗಳು ಕರಗಿ ದೇಹ ಇಳಿದುಹೋಗುವಿಕೆ. ಇಂದಿನ ವೈದ್ಯರು ಬಿಡಿಬಿಡಿಯಾಗಿ ಹೆಸರಿಸುವ ಲಕ್ಷಣಗಳನ್ನು ಶಾರ್ಙ್ಗಧರನು ಒಂದೇ ಸಾಲಿನಲ್ಲಿ ತಂದಿರುವುದು ಗಮನಾರ್ಹ.

ಹದಿನಾರನೆಯ ಶತಮಾನದ ಭಾವಮಿಶ್ರನು ಭಾವಪ್ರಕಾಶದಲ್ಲಿ ಭಂಗಿಯ ಗುಣಗಳನ್ನು ಸಂಗ್ರಹವಾಗಿ ಹೇಳಿದ್ದಾನೆ. ಅವನ ಮತದಲ್ಲಿ ಅದು ಕಫಹರ, ಕಹಿ, ಮಲಬಂಧಕ, ಪಾಚಕ, ಲಘು, ತೀಕ್ಷ್ಣ, ಉಷ್ಣ ಮತ್ತು ಪಿತ್ತಕರ. ಮೋಹ, ಮದ, ಮಾತು, ಜಠರಾಗ್ನಿ ಈ ನಾಲ್ಕನ್ನೂ ಹೆಚ್ಚಿಸತಕ್ಕದ್ದು. ಹಸಿವನ್ನು ಹೆಚ್ಚಿಸುವ ಗುಣವನ್ನೂ ಬುದ್ಧಿಯನ್ನು ಕವಿಯುವ ಗುಣವನ್ನೂ ಶಾಸ್ತ್ರಕಾರನು ಬೇರೆಬೇರೆ ಮಾಡಿಲ್ಲ. ಲಾಭವನ್ನು ಹೇಳಿದ ಉಸಿರಿನಲ್ಲಿಯೇ ಬೆಲೆಯನ್ನೂ ಹೇಳಿದ್ದಾನೆ. ಇಂದು ಭಂಗಿಯ ಪರವಾಗಿ ಶಾಸ್ತ್ರವನ್ನು ಉದಾಹರಿಸುವವರು ಜಠರಾಗ್ನಿಯ ಮಾತನ್ನು ಎತ್ತಿಕೊಂಡು ಮೋಹಮದಗಳ ಮಾತನ್ನು ಬಿಟ್ಟುಬಿಡುವುದುಂಟು. ಅದು ಭಾವಮಿಶ್ರನಿಗೆ ಮಾಡುವ ನ್ಯಾಯವಲ್ಲ.

೩

ಭಾವಮಿಶ್ರನ ಶತಮಾನದಲ್ಲಿಯೇ ಪಶ್ಚಿಮ ಕರಾವಳಿಯಲ್ಲಿ ಇನ್ನೊಬ್ಬ ವೈದ್ಯನು ಇದೇ ಗಿಡವನ್ನು ಗಮನಿಸುತ್ತಿದ್ದನು. ಪೋರ್ಚುಗೀಸ್ ವೈದ್ಯನಾದ ಗಾರ್ಸಿಯಾ ದ ಓರ್ತನು ೧೫೩೪ರಲ್ಲಿ ಗೋವೆಗೆ ಬಂದು ೧೫೬೮ರಲ್ಲಿ ಅಲ್ಲಿಯೇ ಮರಣ ಹೊಂದಿದನು. ಅಹಮದನಗರದ ಬುರ್ಹಾನ ನಿಜಾಮಶಾಹನಿಗೆ ಅವನು ಚಿಕಿತ್ಸೆ ಮಾಡುತ್ತಿದ್ದುದುಂಟು. ಪುಣೆಯ ಸೀಮೆಯು ಆಗ ನಿಜಾಮಶಾಹಿಗೆ ಸೇರಿದ್ದಿತು. ಭಾರತದ ಮೂಲಿಕೆಗಳನ್ನೂ ಔಷಧದ್ರವ್ಯಗಳನ್ನೂ ಕುರಿತು ಸಂವಾದರೂಪದಲ್ಲಿ ಅವನು ಬರೆದ ಗ್ರಂಥವು ೧೫೬೩ರಲ್ಲಿ ಗೋವೆಯಲ್ಲಿ ಅಚ್ಚಾಯಿತು. ಅದರಲ್ಲಿ ಒಂದು ಸಂವಾದವು ಭಂಗಿಗೆ ಮೀಸಲಾಗಿದೆ.

ಓರ್ತನ ಮನೆಯ ಸೇವಕರು ಅವನಿಗೆ ತಿಳಿಯದಂತೆ ಭಂಗಿಯನ್ನು ಸೇವಿಸುತ್ತಿದ್ದರು. ಅದರಿಂದ ದುಡಿಮೆಯ ದಣಿವು ತಿಳಿಯುವುದಿಲ್ಲವೆಂದೂ ಮನಸ್ಸು ಹಗುರಾಗುತ್ತದೆಂದೂ ಊಟದ ಮೇಲೆ ಬಯಕೆ ಹುಟ್ಟುತ್ತದೆಂದೂ ಅವರು ಅವನಿಗೆ ಹೇಳಿದರು. ಓರ್ತನು ಅದನ್ನು ಹಾಗೆಯೇ ಬರೆದಿಟ್ಟನು. ಯೂರೋಪಿನ ಓದುಗರಿಗಾಗಿ ಅಚ್ಚಾದ ಪುಸ್ತಕದಲ್ಲಿ ಭಂಗಿಗೂ ಹಸಿವಿಗೂ ಇರುವ ಸಂಬಂಧವು ಹೀಗೆ ಗೋವೆಯ ಆಳುಮಕ್ಕಳ ಬಾಯಿಯಿಂದ ದಾಖಲಾಯಿತು. ಅವರ ಹೆಸರುಗಳು ಉಳಿಯಲಿಲ್ಲ. ಮಾತು ಮಾತ್ರ ಉಳಿಯಿತು.

ಓರ್ತನು ಕೊಡುವ ತಯಾರಿಕೆಯ ವಿವರವೂ ವಿಚಾರಾರ್ಹವಾಗಿದೆ. ಎಲೆಯ ಪುಡಿಯೊಡನೆ ಹಸಿಯ ಅಡಕೆಯನ್ನು ಸೇರಿಸುವರೆಂದೂ, ಕೆಲವರು ಜಾಯಿಕಾಯಿ, ಜಾಪತ್ರೆ, ಲವಂಗ, ಕರ್ಪೂರಗಳನ್ನು ಬೆರೆಸುವರೆಂದೂ, ಬೇರೆ ಕೆಲವರು ಕಸ್ತೂರಿಯನ್ನೋ ಅಫೀಮನ್ನೋ ಕೂಡಿಸುವರೆಂದೂ ಅವನು ಹೇಳುತ್ತಾನೆ. ಜಾಯಿಕಾಯಿ, ಲವಂಗ, ಕರ್ಪೂರ ಈ ಮೂರೂ ಜಾತೀಫಲಾದಿ ಚೂರ್ಣದಲ್ಲಿ ಇರತಕ್ಕವೇ ಆಗಿವೆ. ವೈದ್ಯನ ಚೂರ್ಣಕ್ಕೂ ಪೇಟೆಯ ಲೇಹ್ಯಕ್ಕೂ ನಡುವಣ ಗೆರೆ ಎಷ್ಟು ತೆಳುವಾಗಿತ್ತೆಂಬುದು ಇದರಿಂದ ವೇದ್ಯವಾಗುತ್ತದೆ. ಔಷಧವೆಂದು ಕೊಟ್ಟದ್ದು ವಿನೋದಕ್ಕೂ, ವಿನೋದಕ್ಕೆಂದು ಕೊಂಡದ್ದು ಔಷಧಕ್ಕೂ ಸಲ್ಲುತ್ತಿದ್ದ ಆ ಸ್ಥಿತಿಯೇ ಮುಂದಿನ ಸರ್ಕಾರಗಳಿಗೆ ತೊಡಕಾಯಿತು.

೪

೧೮೧೭ರ ಖಡಕಿಯ ಯುದ್ಧದಲ್ಲಿ ಪೇಶ್ವೆಯ ಸೈನ್ಯವು ಸೋತ ಬಳಿಕ ಪುಣೆಯ ಪೂರ್ವಕ್ಕೆ ಇಂಗ್ಲಿಷರ ದಂಡು ನೆಲಸಿತು. ಇಂದು ಕ್ಯಾಂಪ್ ಎಂದು ಕರೆಯಲ್ಪಡುವ ಪ್ರದೇಶವು ಅದೇ. ಬೆಂಗಳೂರಿನ ದಂಡಿನಂತೆ ಇದೂ ಪೇಟೆಗಿಂತ ಬೇರೆಯಾದ ಆಡಳಿತವನ್ನೂ ಬೇರೆಯಾದ ಆಸ್ಪತ್ರೆಗಳನ್ನೂ ಪಡೆಯಿತು. ಹಳೆಯ ಪೇಟೆಗಳಲ್ಲಿ ವೈದ್ಯರ ಚೂರ್ಣಲೇಹ್ಯಗಳು ನಡೆಯುತ್ತಿದ್ದಂತೆಯೇ ದಂಡಿನಲ್ಲಿ ಬ್ರಿಟಿಷ್ ಔಷಧಸಂಹಿತೆಯು ಆಧಾರಗ್ರಂಥವಾಯಿತು. ಅಷ್ಟರಲ್ಲಿ ಆ ಸಂಹಿತೆಯೊಳಕ್ಕೂ ಭಂಗಿಯ ಗಿಡವು ಪ್ರವೇಶ ಪಡೆದಿದ್ದಿತು.

ಆ ಪ್ರವೇಶಕ್ಕೆ ಕಾರಣನಾದವನು ಕಲಕತ್ತೆಯ ವೈದ್ಯಕೀಯ ಕಾಲೇಜಿನ ಅಧ್ಯಾಪಕನಾಗಿದ್ದ ವಿಲಿಯಂ ಓಶಾನೆಸಿ ಎಂಬ ಐರಿಷ್ ವೈದ್ಯನು. ಅವನು ೧೮೩೯ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಮೊದಲು ಪ್ರಾಣಿಗಳ ಮೇಲೂ ಬಳಿಕ ರೋಗಿಗಳ ಮೇಲೂ ಗಾಂಜಾದ ಸಾರವನ್ನು ಪ್ರಯೋಗಿಸಿದ ಫಲವನ್ನು ವಿವರಿಸಿದನು. ಮಧುಸೂದನ ಗುಪ್ತನೇ ಮೊದಲಾದ ಪಂಡಿತರಿಂದ ಸಂಸ್ಕೃತ ಗ್ರಂಥಗಳ ವಿಷಯವನ್ನು ತಿಳಿದುಕೊಂಡೇ ಅವನು ಈ ಕಾರ್ಯಕ್ಕೆ ಕೈಹಾಕಿದನೆಂಬುದು ಸ್ಮರಣೀಯ. ಸಂಧಿವಾತದ ರೋಗಿಗಳಲ್ಲಿ ಅವನು ನೋವಿನ ಶಮನವನ್ನು ಎದುರುನೋಡುತ್ತಿದ್ದನು. ನೋವು ಹೆಚ್ಚಿನವರಲ್ಲಿ ಕಡಮೆಯಾಯಿತು. ಹಸಿವು ಎಲ್ಲರಲ್ಲಿಯೂ ಗಮನಾರ್ಹವಾಗಿ ಹೆಚ್ಚಿತು. ಗೋವೆಯ ಸೇವಕರ ಮಾತನ್ನು ಹೀಗೆ ಎರಡು ಮುಕ್ಕಾಲು ಶತಮಾನಗಳ ತರುವಾಯ ಆಸ್ಪತ್ರೆಯ ದಾಖಲೆಯು ಅನುಮೋದಿಸಿತು.

೧೮೬೪ರ ಬ್ರಿಟಿಷ್ ಔಷಧಸಂಹಿತೆಯಲ್ಲಿ ಭಾರತೀಯ ಭಂಗಿಯ ಸಾರಕ್ಕೂ ಅರಕಿಗೂ ಸ್ಥಾನ ದೊರೆಯಿತು. ಮೂರು ವರ್ಷಗಳ ಬಳಿಕ, ೧೮೬೭ರಲ್ಲಿ, ದಂಡಿನ ಅಂಚಿನಲ್ಲಿ ಸಾಸೂನ್ ಆಸ್ಪತ್ರೆಯ ಕಟ್ಟಡವು ಪೂರ್ಣಗೊಂಡಿತು. ಅದರ ನಿರ್ಮಾಣಕ್ಕೆ ಉದಾರವಾಗಿ ದಾನ ಮಾಡಿದ ಡೇವಿಡ್ ಸಾಸೂನನು ೧೮೬೪ರಲ್ಲಿ ಪುಣೆಯಲ್ಲಿಯೇ ತೀರಿಕೊಂಡನು. ಕ್ಯಾಂಪಿನಲ್ಲಿ ಅವನು ಕಟ್ಟಿಸಲು ತೊಡಗಿದ್ದ, ಜನರು ಲಾಲ್ ದೇವಳ ಎಂದು ಕರೆಯುವ ಯೆಹೂದ್ಯರ ಪ್ರಾರ್ಥನಾಮಂದಿರದ ಆವರಣದಲ್ಲಿ ಅವನ ಸಮಾಧಿಯಿದೆ. ಅವನ ಮನೆತನದ ಸಂಪತ್ತಿನಲ್ಲಿ ಚೀನದೊಡನೆ ನಡೆಯುತ್ತಿದ್ದ ಅಫೀಮಿನ ವ್ಯಾಪಾರದ ಪಾಲೂ ಇದ್ದಿತು. ಮಾದಕದ್ರವ್ಯವೊಂದರ ಲಾಭದಿಂದ ಆಸ್ಪತ್ರೆ ಏಳುವುದೂ, ಆಸ್ಪತ್ರೆಯ ಬೀರುವಿನಲ್ಲಿ ಮಾದಕದ್ರವ್ಯವೇ ಔಷಧವಾಗಿ ಕೂರುವುದೂ ಆ ಕಾಲದವರಿಗೆ ವಿಚಿತ್ರವಾಗಿ ತೋರಲಿಲ್ಲ. ವಿಷ ಮತ್ತು ಔಷಧಗಳ ನಡುವೆ ಆ ಕಾಲವು ಗುರುತಿಸಿದ ಭೇದ ಪ್ರಮಾಣದ್ದು.

ಮುಂಬಯಿಯಲ್ಲಿ ಸರ್ಕಾರದ ಔಷಧಭಂಡಾರದ ಹೊಣೆ ಹೊತ್ತಿದ್ದ ವಿಲಿಯಂ ಡೈಮಾಕನು ವಾರ್ಡನ್ ಮತ್ತು ಹೂಪರ್ ಎಂಬಿಬ್ಬರೊಡನೆ ಕೂಡಿ ೧೮೯೦ರಿಂದ ೧೮೯೩ರವರೆಗೆ ಭಾರತದ ಸಸ್ಯೌಷಧಗಳ ಬೃಹತ್ ಗ್ರಂಥವೊಂದನ್ನು ಹೊರತಂದನು. ಗಿಡಮೂಲಿಕೆಗಳಿಗೆ ಮರಾಠಿ, ಗುಜರಾತಿ ಹೆಸರುಗಳೊಡನೆ ಕನ್ನಡದ ಹೆಸರುಗಳನ್ನೂ ಅದರಲ್ಲಿ ನಮೂದಿಸಿರುವುದರಿಂದ ಆ ಗ್ರಂಥವು ಕನ್ನಡ ಸಂಶೋಧಕರಿಗೂ ಉಪಯುಕ್ತವಾಗಿದೆ. ಗ್ರಂಥವು ಪೂರ್ಣಗೊಂಡ ವರ್ಷದಲ್ಲಿಯೇ ಅದರ ಕರ್ತೃಗಳಲ್ಲೊಬ್ಬನಾದ ವಾರ್ಡನನು ಭಂಗಿಯ ಇತಿಹಾಸದಲ್ಲಿ ಅತ್ಯಂತ ಪ್ರಮುಖವಾದ ವಿಚಾರಣೆಯೊಂದರಲ್ಲಿ ಕುಳಿತನು.

೫

೧೮೯೩ರ ಮಾರ್ಚ್ ತಿಂಗಳಿನಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪಾನನಿರೋಧದ ಪಕ್ಷಪಾತಿಯಾಗಿದ್ದ ವಿಲಿಯಂ ಕೇನ್ ಎಂಬ ಸದಸ್ಯನು ಬಂಗಾಳದ ಗಾಂಜಾ ವ್ಯಾಪಾರವನ್ನು ಕುರಿತು ಪ್ರಶ್ನೆಯೆತ್ತಿದನು. ಅದರ ಫಲವಾಗಿ ಅದೇ ವರ್ಷದ ಜುಲೈ ತಿಂಗಳಿನಲ್ಲಿ ಭಾರತ ಸರ್ಕಾರವು ಇಡೀ ದೇಶಕ್ಕೆ ಅನ್ವಯಿಸುವ ಆಯೋಗವೊಂದನ್ನು ನೇಮಿಸಿತು. ಮ್ಯಾಕ್‌ವರ್ತ್ ಯಂಗನು ಅದರ ಅಧ್ಯಕ್ಷ. ಮುಂಬಯಿ ಪ್ರಾಂತದಿಂದ ಪಂಚಮಹಲಿನ ಕಲೆಕ್ಟರನಾಗಿದ್ದ ಓಮನಿಯೂ ಬಂಗಾಳದಿಂದ ರಸಾಯನಶಾಸ್ತ್ರಜ್ಞ ವಾರ್ಡನನೂ ಸದಸ್ಯರಾಗಿದ್ದರು. ಭಾರತೀಯ ಸದಸ್ಯರು ಮೂವರು. ಆಯೋಗವು ೧,೧೯೩ ಜನರ ಸಾಕ್ಷ್ಯವನ್ನು ಸಂಗ್ರಹಿಸಿ ೧೮೯೪ರಲ್ಲಿ ವರದಿಯನ್ನು ಒಪ್ಪಿಸಿತು. ಅದರ ಏಳನೆಯ ಸಂಪುಟದಲ್ಲಿ ಮುಂಬಯಿ, ಸಿಂಧ, ವರ್‍ಹಾಡ, ಕೊಡಗು ಮೊದಲಾದ ಪ್ರಾಂತಗಳ ಸಾಕ್ಷಿಗಳ ಉತ್ತರಗಳಿವೆ. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳು ಆಗ ಮುಂಬಯಿ ಪ್ರಾಂತದಲ್ಲಿದ್ದವು. ಆದುದರಿಂದ ಪುಣೆ, ಮುಂಬಯಿ ಕರ್ನಾಟಕ ಮತ್ತು ಕೊಡಗುಗಳು ಈ ವಿಷಯದಲ್ಲಿ ಒಂದೇ ರಟ್ಟಿನೊಳಗೆ ಸೇರಿವೆ. ದೇಶೀಯ ಸೈನ್ಯದ ಸಿಪಾಯಿಗಳ ವಿಷಯವನ್ನು ಸೇನಾಧಿಕಾರಿಗಳಿಂದ ಕೇಳಿ ತಿಳಿದು ಪ್ರತ್ಯೇಕವಾದ ಪೂರಕ ಸಂಪುಟವನ್ನೂ ಸಿದ್ಧಪಡಿಸಲಾಯಿತು. ಪುಣೆಯು ಆಗ ಮುಂಬಯಿ ಸೈನ್ಯದ ಮುಖ್ಯ ಠಾಣ್ಯವಾಗಿದ್ದಿತು.

ಆಯೋಗದ ಪ್ರಶ್ನಾವಳಿಯಲ್ಲಿ ಎರಡು ಪ್ರಶ್ನೆಗಳು ಇಲ್ಲಿ ಮುಖ್ಯವಾದುವು. ಈ ದ್ರವ್ಯಗಳನ್ನು ಮಿತವಾಗಿ ಸೇವಿಸಿದರೆ ಆಹಾರಕ್ಕೆ ಪೂರಕವಾಗಿಯೋ ಪಾಚಕವಾಗಿಯೋ ಹಿತವುಂಟೆ ಎಂದು ೪೧ನೆಯ ಪ್ರಶ್ನೆಯು ಕೇಳುತ್ತದೆ. ನಿತ್ಯಸೇವನೆಯಿಂದ ಜೀರ್ಣಶಕ್ತಿ ಕೆಟ್ಟು ಹಸಿವು ಕುಂದುತ್ತದೆಯೆ ಎಂದು ೪೫ನೆಯ ಪ್ರಶ್ನೆಯು ಕೇಳುತ್ತದೆ. ಒಂದು ಹಸಿವನ್ನು ಕೊಡುವುದೇ ಎಂದು. ಇನ್ನೊಂದು ಹಸಿವನ್ನು ಕಳೆಯುವುದೇ ಎಂದು. ಎರಡಕ್ಕೂ ಹೌದೆಂದವರಿದ್ದರು, ಇಲ್ಲವೆಂದವರೂ ಇದ್ದರು. ಮೇಲ್ನೋಟಕ್ಕೆ ಈ ಉತ್ತರಗಳು ಒಂದನ್ನೊಂದು ಅಲ್ಲಗಳೆಯುವಂತೆ ತೋರುತ್ತವೆ. ಮಿತವಾದ ಸೇವನೆಯಿಂದ ಸಾಮಾನ್ಯವಾಗಿ ದೈಹಿಕವಾದ ಕೇಡಿಲ್ಲ, ಅತಿಯಾದ ಸೇವನೆಯಿಂದ ಕೇಡುಂಟು ಎಂಬುದು ಆಯೋಗದ ತೀರ್ಮಾನ. ಪೂರ್ಣನಿಷೇಧ ಬೇಡವೆಂದೂ ಪರವಾನಗಿ, ಸುಂಕ, ಅಂಗಡಿಗಳ ಸಂಖ್ಯೆಯ ಮಿತಿ, ಇಟ್ಟುಕೊಳ್ಳಬಹುದಾದ ತೂಕದ ಮಿತಿ ಇವುಗಳಿಂದ ಹತೋಟಿಯಲ್ಲಿಡಬೇಕೆಂದೂ ಅದು ಸಲಹೆ ಮಾಡಿತು.

ಇಷ್ಟು ವಿಸ್ತಾರವಾದ ವಿಚಾರಣೆಯಲ್ಲಿ ಒಂದು ಕೊರತೆ ಎದ್ದುಕಾಣುತ್ತದೆ. ಆಯೋಗವನ್ನು ನೇಮಿಸಿದ್ದು ಗಿಡದ ಬೇಸಾಯ, ವ್ಯಾಪಾರ, ಸುಂಕ, ಜನರ ಸಾಮಾಜಿಕ ಮತ್ತು ನೈತಿಕ ಸ್ಥಿತಿ ಇವುಗಳ ವಿಚಾರಣೆಗಾಗಿ. ವೈದ್ಯಕೀಯ ಉಪಯೋಗದ ವಿಚಾರವೂ ಅದರಲ್ಲಿ ಬಂದಿದೆಯಾದರೂ ಅಬಕಾರಿಯ ಪ್ರಶ್ನೆಯ ನೆರಳಿನಲ್ಲಿ ಅದು ಅಂಚಿಗೆ ಸರಿಯಿತು. ದುಡಿಯುವ ಕೂಲಿಕಾರನಿಗೆ, ಸಿಪಾಯಿಗೆ, ಬೈರಾಗಿಗೆ ಭಂಗಿಯಿಂದ ಏನಾಗುತ್ತದೆ ಎಂಬುದನ್ನು ಸರ್ಕಾರವು ಸಾವಿರಾರು ಪುಟಗಳಲ್ಲಿ ದಾಖಲಿಸಿತು. ಹಾಸಿಗೆ ಹಿಡಿದು ಅನ್ನ ಬಿಟ್ಟವನಿಗೆ ಅದರಿಂದ ಎಷ್ಟು ತೂಕ ಏರಿತು, ಎಷ್ಟು ದಿನ ಬದುಕು ಹೆಚ್ಚಿತು ಎಂಬುದನ್ನು ಅಳೆದು ನೋಡುವ ಕೆಲಸ ಮುಂದಿನ ಶತಮಾನಕ್ಕೆ ಉಳಿಯಿತು.

೬

ಆ ಅಳತೆ ನಡೆಯುವ ಮೊದಲೇ ಔಷಧವು ಬೀರುವಿನಿಂದ ಕೆಳಗಿಳಿಯಿತು. ಗಾಂಜಾದ ಸಾರವು ನೀರಿನಲ್ಲಿ ಕರಗುವುದಿಲ್ಲ. ಒಂದು ಸೀಸೆಯ ಶಕ್ತಿ ಇನ್ನೊಂದು ಸೀಸೆಗಿರುವುದಿಲ್ಲ. ಫಲವನ್ನುಂಟುಮಾಡುವ ಅಂಶ ಯಾವುದೆಂಬುದು ತಿಳಿದಿರಲಿಲ್ಲ. ಸೂಜಿಮದ್ದುಗಳೂ ಕೃತಕ ಔಷಧಗಳೂ ಬಂದ ಮೇಲೆ ಇಂಥ ಚಂಚಲವಾದ ಸಾರವನ್ನು ವೈದ್ಯರು ಕೈಬಿಟ್ಟರು. ೧೯೩೨ರ ಬ್ರಿಟಿಷ್ ಔಷಧಸಂಹಿತೆಯಲ್ಲಿ ಅದಕ್ಕೆ ಸ್ಥಾನ ದೊರೆಯಲಿಲ್ಲ. ೧೯೪೨ರಲ್ಲಿ ಅಮೆರಿಕದ ಔಷಧಸಂಹಿತೆಯೂ ಅದನ್ನು ತೆಗೆದುಹಾಕಿತು.

ಕಾಯಿದೆಯೂ ಬಿಗಿಯಾಯಿತು. ಮುಂಬಯಿ ಪ್ರಾಂತದ ೧೯೪೯ರ ಪಾನನಿರೋಧ ಕಾಯಿದೆಯು ಭಂಗಿಯನ್ನೂ ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ೧೯೬೧ರ ಅಂತರರಾಷ್ಟ್ರೀಯ ಒಪ್ಪಂದವು ಗಾಂಜಾವನ್ನು ಅತ್ಯಂತ ಕಟ್ಟುನಿಟ್ಟಿನ ಪಟ್ಟಿಯಲ್ಲಿಯೂ ಸೇರಿಸಿತು. ಅದನ್ನು ಅನುಸರಿಸಿ ಭಾರತವು ೧೯೮೫ರಲ್ಲಿ ಮಾದಕದ್ರವ್ಯಗಳ ಕಾಯಿದೆಯನ್ನು ಮಾಡಿತು. ಈ ಕಾಯಿದೆಯು ಹೂಗೊನೆಯನ್ನೂ ಅಂಟನ್ನೂ ನಿಷೇಧಿಸಿತು. ಹೂಗೊನೆಯೊಡನೆ ಕೂಡಿರದ ಎಲೆಯನ್ನೂ ಬೀಜವನ್ನೂ ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಿತು. ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಗಳಿಗೆ ನಿಯಮಬದ್ಧವಾದ ಅವಕಾಶವನ್ನು ಉಳಿಸಿತು. ಪೇಟೆಯ ಹಳೆಯ ವಿಂಗಡಣೆಯು ಹೀಗೆ ರಾಷ್ಟ್ರದ ಕಾಯಿದೆಯ ವಿಂಗಡಣೆಯಾಗಿ ಪರಿಣಮಿಸಿತು. ಭಂಗಿಯು ಈ ಕಾಯಿದೆಯ ವ್ಯಾಖ್ಯೆಗೆ ಒಳಪಡುವುದಿಲ್ಲವೆಂಬುದನ್ನು ೨೦೨೨ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಜಾಮೀನಿನ ಪ್ರಕರಣವೊಂದರಲ್ಲಿ ಎತ್ತಿಹೇಳಿತು. ಆದರೂ ರಾಜ್ಯಗಳ ಅಬಕಾರಿ ಕಾಯಿದೆಗಳು ಎಲೆಗೂ ಅನ್ವಯಿಸುತ್ತವೆ. ೧೯೪೫ರ ಔಷಧ ನಿಯಮಗಳು ಭಂಗಿಯನ್ನು ಆಯುರ್ವೇದದ ವಿಷದ್ರವ್ಯಗಳ ಅನುಸೂಚಿಯಲ್ಲಿ ಇರಿಸಿವೆ. ಅದನ್ನುಳ್ಳ ಔಷಧವನ್ನು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸತಕ್ಕದ್ದು. ೨೦೨೦ರ ಡಿಸೆಂಬರ್ ೨ರಂದು ವಿಶ್ವಸಂಸ್ಥೆಯ ಆಯೋಗವು ೨೭ಕ್ಕೆ ೨೫ ಮತಗಳಿಂದ ಗಾಂಜಾವನ್ನು ಆ ಕಟ್ಟುನಿಟ್ಟಿನ ಪಟ್ಟಿಯಿಂದ ಕೈಬಿಟ್ಟಾಗ ಭಾರತವು ಪರವಾಗಿ ಮತ ನೀಡಿತು. ಗಿಡವು ನಿಯಂತ್ರಿತ ದ್ರವ್ಯಗಳ ಇನ್ನೊಂದು ಪಟ್ಟಿಯಲ್ಲಿ ಮುಂದುವರಿಯಿತು.

೭

ವಿಜ್ಞಾನವು ಈ ನಡುವೆ ತನ್ನ ದಾರಿಯಲ್ಲಿ ಸಾಗಿತ್ತು. ೧೯೬೪ರಲ್ಲಿ ಇಸ್ರೇಲಿನ ಗವೋನಿ ಮತ್ತು ಮೆಷುಲಮ್ ಎಂಬ ವಿದ್ವಾಂಸರು ಅಮಲಿನ ಅಂಶವಾದ ಟಿ.ಎಚ್.ಸಿ.ಯನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದು ಮೆದುಳಿನಲ್ಲಿ ಬಂದು ಕೂಡಿಕೊಳ್ಳುವ ಗ್ರಾಹಕದ ರಚನೆ ೧೯೯೦ರಲ್ಲಿ ತಿಳಿಯಿತು. ೧೯೯೨ರಲ್ಲಿ ದೇಹವೇ ಉತ್ಪಾದಿಸಿಕೊಳ್ಳುವ ಅಂಥದೇ ವಸ್ತುವೊಂದು ಪತ್ತೆಯಾಯಿತು. ಸಂಸ್ಕೃತದ 'ಆನಂದ' ಶಬ್ದದಿಂದ ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟರು. ಹಸಿವನ್ನು ಆಳುವ ಮೆದುಳಿನ ಭಾಗಗಳಲ್ಲಿಯೂ ಈ ಗ್ರಾಹಕಗಳಿವೆ. ಇದಕ್ಕೆ ವಿಲೋಮವಾದ ಪ್ರಮಾಣವೂ ದೊರೆಯಿತು. ಈ ಗ್ರಾಹಕವನ್ನು ತಡೆಯುವ ರಿಮೊನಬಾಂಟ್ ಎಂಬ ಔಷಧವು ೨೦೦೬ರಲ್ಲಿ ಯೂರೋಪಿನಲ್ಲಿ ಬೊಜ್ಜಿನ ಚಿಕಿತ್ಸೆಗೆ ಬಂದು, ಸೇವಿಸಿದವರಲ್ಲಿ ಖಿನ್ನತೆಯನ್ನುಂಟುಮಾಡಿದ್ದರಿಂದ ೨೦೦೮ರಲ್ಲಿ ಪೇಟೆಯಿಂದ ಹಿಂತೆಗೆಯಲ್ಪಟ್ಟಿತು. ಗ್ರಾಹಕವನ್ನು ತಟ್ಟಿದರೆ ಹಸಿವೂ ಮದವೂ ಒಟ್ಟಿಗೆ ಬರುತ್ತವೆ. ಮುಚ್ಚಿದರೆ ಹಸಿವಿನೊಡನೆ ಉಲ್ಲಾಸವೂ ಹೋಗುತ್ತದೆ. ಭಾವಮಿಶ್ರನು ಅಗ್ನಿಯನ್ನೂ ಮದವನ್ನೂ ಒಂದೇ ಕಡೆ ಹೇಳಿದ್ದಕ್ಕೆ ಶರೀರದಲ್ಲಿಯೇ ಆಧಾರವಿದೆಯೆಂದಂತಾಯಿತು.

೧೯೯೨ ಇನ್ನೆರಡು ಕಾರಣಗಳಿಂದಲೂ ಸ್ಮರಣೀಯ. ಏಡ್ಸ್ ರೋಗಿಗಳ ಹಸಿವಿಲ್ಲದಿರುವಿಕೆಗೆ ಟಿ.ಎಚ್.ಸಿ.ಯ ಕೃತಕರೂಪವಾದ ಡ್ರೊನಬಿನಾಲ್ ಎಂಬ ಮಾತ್ರೆಯನ್ನು ಅಮೆರಿಕವು ಆ ವರ್ಷ ಒಪ್ಪಿತು. ಅದೇ ವರ್ಷ ಪುಣೆಯ ಭೋಸರಿಯಲ್ಲಿ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆಯು ಸ್ಥಾಪಿತವಾಯಿತು. ೧೯೯೫ರಲ್ಲಿ ಪ್ರಕಟವಾದ, ೧೩೯ ಏಡ್ಸ್ ರೋಗಿಗಳನ್ನೊಳಗೊಂಡ ಅಮೆರಿಕದ ಪರೀಕ್ಷೆಯಲ್ಲಿ ಈ ಮಾತ್ರೆ ಪಡೆದವರ ಹಸಿವು ಶೇಕಡ ೩೮ರಷ್ಟೂ ಹುಸಿಮಾತ್ರೆ ಪಡೆದವರದು ಶೇಕಡ ೮ರಷ್ಟೂ ಹೆಚ್ಚಿತು. ತೂಕವು ಮಾತ್ರ ಇದ್ದಲ್ಲಿಯೇ ನಿಂತಿತು. ೨೦೦೨ರಲ್ಲಿ ಮುಂದುವರಿದ ಅರ್ಬುದದ ೪೬೯ ರೋಗಿಗಳಲ್ಲಿ ಇದನ್ನು ಮೆಜೆಸ್ಟ್ರಾಲ್ ಎಂಬ ಔಷಧದೊಡನೆ ಹೋಲಿಸಿ ನೋಡಿದರು. ಮೆಜೆಸ್ಟ್ರಾಲ್ ಪಡೆದವರಲ್ಲಿ ಶೇಕಡ ೭೫ ಜನರಿಗೂ ಡ್ರೊನಬಿನಾಲ್ ಪಡೆದವರಲ್ಲಿ ಶೇಕಡ ೪೯ ಜನರಿಗೂ ಹಸಿವು ಸುಧಾರಿಸಿತು. ಗಣನೀಯವಾಗಿ ತೂಕ ಏರಿದವರು ಕ್ರಮವಾಗಿ ಶೇಕಡ ೧೧ ಮತ್ತು ೩. ೨೦೦೬ರಲ್ಲಿ ಯೂರೋಪಿನ ೨೪೩ ಅರ್ಬುದ ರೋಗಿಗಳ ಪರೀಕ್ಷೆಯಲ್ಲಿ ಗಿಡದ ಸಾರಕ್ಕೂ ಟಿ.ಎಚ್.ಸಿ.ಗೂ ಹುಸಿಮಾತ್ರೆಗೂ ಹಸಿವಿನ ವಿಷಯದಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಆಯೋಗದ ೪೫ನೆಯ ಪ್ರಶ್ನೆಗೂ ಉತ್ತರ ದೊರೆಯಿತು. ವರ್ಷಗಟ್ಟಲೆ ಅತಿಯಾಗಿ ಸೇವಿಸಿದವರಲ್ಲಿ ಕೆಲವರಿಗೆ ನಿಲ್ಲದ ವಾಂತಿಯೂ ಹೊಟ್ಟೆನೋವೂ ಮರಮರಳಿ ಬರುವುದನ್ನೂ, ಸೇವನೆಯನ್ನು ಬಿಟ್ಟರೆ ಅವು ಶಮನವಾಗುವುದನ್ನೂ ಆಸ್ಟ್ರೇಲಿಯದ ವೈದ್ಯರು ೨೦೦೪ರಲ್ಲಿ ವರದಿ ಮಾಡಿದರು. ಆದುದರಿಂದ ೧೮೯೩ರ ಸಾಕ್ಷಿಗಳು ಪರಸ್ಪರ ವಿರುದ್ಧವಾಗಿ ನುಡಿದರೂ ಎರಡು ಪಕ್ಷದಲ್ಲಿಯೂ ಸತ್ಯವಿದ್ದಿತು. ಮಿತದಲ್ಲಿ ಹಸಿವನ್ನು ಕೊಡುವ ವಸ್ತುವೇ ಅತಿಯಲ್ಲಿ ಅದನ್ನು ಕಸಿದುಕೊಳ್ಳುತ್ತದೆ.

ಏಡ್ಸ್ ರೋಗಿಗಳ ಕೃಶತೆಯನ್ನು ನಿಜವಾಗಿ ತಗ್ಗಿಸಿದ ಚಿಕಿತ್ಸೆಯು ಬೇರೆಯೇ ಆಗಿತ್ತು. ೨೦೦೪ರ ಏಪ್ರಿಲ್‌ನಿಂದ ಭಾರತ ಸರ್ಕಾರವು ವೈರಾಣುವನ್ನು ಹತೋಟಿಯಲ್ಲಿಡುವ ಔಷಧಗಳನ್ನು ಉಚಿತವಾಗಿ ಕೊಡತೊಡಗಿತು. ಆರಂಭದ ರಾಜ್ಯಗಳಲ್ಲಿ ಮಹಾರಾಷ್ಟ್ರ, ಕರ್ನಾಟಕಗಳೆರಡೂ ಇದ್ದವು. ಮೂಲರೋಗವು ತಗ್ಗಿದಾಗ ಅನ್ನವು ತಾನಾಗಿ ಸೇರಿತು. ಅರ್ಬುದದ ರೋಗಿಗಳಿಗೆ ಸಂಬಂಧಿಸಿದಂತೆ ಪುದುಚೇರಿಯ ಜಿಪ್ಮೆರ್ ಸಂಸ್ಥೆಯು ೧೨೪ ರೋಗಿಗಳಲ್ಲಿ ಒಲಾಂಜಪಿನ್ ಎಂಬ ಔಷಧವನ್ನು ಅಲ್ಪಪ್ರಮಾಣದಲ್ಲಿ, ದಿನಕ್ಕೆ ೨.೫ ಮಿಲಿಗ್ರಾಮಿನಂತೆ ಹನ್ನೆರಡು ವಾರ ಕೊಟ್ಟು ೨೦೨೩ರಲ್ಲಿ ಫಲವನ್ನು ಪ್ರಕಟಿಸಿತು. ಶೇಕಡ ೫ಕ್ಕಿಂತ ಹೆಚ್ಚು ತೂಕ ಏರಿದವರು ಔಷಧ ಪಡೆದವರಲ್ಲಿ ಶೇಕಡ ೬೦, ಪಡೆಯದವರಲ್ಲಿ ಶೇಕಡ ೯. ಭಂಗಿಯಿಂದ ಬಹುಕಾಲ ನಿರೀಕ್ಷಿಸಿದ ಫಲವು ಮಾನಸಿಕ ರೋಗಗಳಿಗಾಗಿ ಮೊದಲು ಬಂದ ಮಾತ್ರೆಯೊಂದರಿಂದ, ಭಾರತದ ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿ ಸಿದ್ಧಿಸಿತು. ಅಮೆರಿಕದ ಅರ್ಬುದತಜ್ಞರ ಸಂಘವೂ ಅದೇ ವರ್ಷ ತನ್ನ ಮಾರ್ಗದರ್ಶಿಯಲ್ಲಿ ಈ ಔಷಧಕ್ಕೆ ಸ್ಥಾನ ಕೊಟ್ಟಿತು.

೮

ಮೇಲಿನ ವಿವೇಚನೆಯಿಂದ ಹೊರಡುವ ತಾತ್ಪರ್ಯವನ್ನು ಸಂಗ್ರಹಿಸಬಹುದು. ಭಂಗಿಯು ಹಸಿವನ್ನು ಹುಟ್ಟಿಸುತ್ತದೆಂಬ ಜ್ಞಾನವು ಮೂಢನಂಬಿಕೆಯಲ್ಲ. ಚೂರ್ಣ ಅರೆದ ವೈದ್ಯರು, ಗೋವೆಯ ಸೇವಕರು, ಕಲಕತ್ತೆಯ ಸಂಧಿವಾತದ ರೋಗಿಗಳು, ಇಂದಿನ ಪ್ರಯೋಗಶಾಲೆಗಳು ಈ ಒಂದು ಅಂಶದಲ್ಲಿ ಏಕಮತವಾಗಿದ್ದಾರೆ. ಅದನ್ನು ಕೀಳೆಂದು ತಳ್ಳಿಹಾಕಿದವರು ಅನುಭವಕ್ಕೆ ಅನ್ಯಾಯ ಮಾಡಿದರು. ಅಂತೆಯೇ, ಹಸಿವು ಬಂದೊಡನೆ ದೇಹ ತುಂಬುವುದೆಂದು ಹೇಳಿ ಇಂದು 'ವಿಜಯಾ'ದ ಹೆಸರಿನಲ್ಲಿ ತೈಲವನ್ನೋ ಗುಳಿಗೆಯನ್ನೋ ದುಬಾರಿಯ ಬೆಲೆಗೆ ಮಾರುವವರು ರೋಗಿಗೆ ಅನ್ಯಾಯ ಮಾಡುತ್ತಾರೆ. ಕ್ಷಯಿಸುತ್ತಿರುವ ದೇಹವು ಉಂಡದ್ದನ್ನು ಮಾಂಸವಾಗಿ ಪರಿವರ್ತಿಸಲು ಅಸಮರ್ಥವಾಗಿರುತ್ತದೆ. ಆ ಅಸಾಮರ್ಥ್ಯವು ಮೂಲವ್ಯಾಧಿಯ ಕೆಲಸ. ವೃದ್ಧರಲ್ಲಿ, ಹೃದ್ರೋಗವುಳ್ಳವರಲ್ಲಿ, ಚಿತ್ತವಿಕಾರದ ಪೂರ್ವವೃತ್ತಾಂತವುಳ್ಳವರಲ್ಲಿ ಮೋಹಮದಗಳು ಬರಿಯ ಮಾತಾಗಿ ಉಳಿಯದೆ ಅಪಾಯಗಳಾಗಿ ಬರುತ್ತವೆ.

ಆದರೂ ಹಸಿವಿಗೆ ತನ್ನದೇ ಆದ ಬೆಲೆಯಿದೆ. ಗುಣವಾಗುವ ಆಸೆಯಿಲ್ಲದ ರೋಗಿಯು ತನ್ನವರೊಡನೆ ಕುಳಿತು ನಾಲ್ಕು ತುತ್ತನ್ನು ರುಚಿಯಿಂದ ಉಂಡರೆ ತಕ್ಕಡಿಯ ಮುಳ್ಳು ಏರದಿದ್ದರೂ ಆ ದಿನವು ವ್ಯರ್ಥವಲ್ಲ. ಅಂಥ ಸಮಾಧಾನಕ್ಕಾಗಿ, ವೈದ್ಯರ ಕಣ್ಣೆದುರಿನಲ್ಲಿ, ಅಳೆದ ಪ್ರಮಾಣದಲ್ಲಿ, ಲಾಭವನ್ನೂ ಬೆಲೆಯನ್ನೂ ರೋಗಿಗೆ ಬಿಡಿಸಿ ಹೇಳಿ ಭಂಗಿಯನ್ನು ಪ್ರಯೋಗಿಸಿ ನೋಡುವುದಕ್ಕೆ ಶಾಸ್ತ್ರದ ವಿರೋಧವೂ ಇಲ್ಲ, ೧೯೮೫ರ ಕಾಯಿದೆಯ ವಿರೋಧವೂ ಇಲ್ಲ. ೧೮೯೩ರ ಆಯೋಗವು ಸಿಪಾಯಿಯನ್ನೂ ಕೂಲಿಕಾರನನ್ನೂ ಕೇಳಿದಷ್ಟು ಶ್ರದ್ಧೆಯಿಂದ ರೋಗಿಯನ್ನು ಕೇಳುವ ಕೆಲಸ ಇನ್ನು ಆಸ್ಪತ್ರೆಗಳದು. ಜಾತೀಫಲಾದಿ ಚೂರ್ಣವನ್ನು ಜಿಪ್ಮೆರಿನ ಮಾತ್ರೆಯಂತೆಯೇ ತೂಕ, ದಿನ, ಸಂಖ್ಯೆಗಳ ತಕ್ಕಡಿಯಲ್ಲಿಟ್ಟು ನೋಡಿದ ದಿನ ಶಾರ್ಙ್ಗಧರನ ಮಾತಿಗೆ ಸಲ್ಲತಕ್ಕ ಗೌರವವು ಸಲ್ಲುತ್ತದೆ.